ಕಡಲೆಕಾಯಿ ಗೋದಾಮಿನ ಕೋಟೆ

ನಾನು ದೇವರನ್ನು ನಂಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಅದೇ ಮೂಲ. ಹದಿನೆಂಟು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನಿಗೆ ಭಕ್ತಿ ಉಳಿಯುವುದು ಕಷ್ಟ. ಹುಂಡಿಗೆ ಕೈತುಂಬ ಸುರಿದು ಬಂದ ಗೃಹಸ್ಥರೇ ಏಳು ವರ್ಷದ ಹುಡುಗನನ್ನು ಹೆಂಡತಿಯ ಸೆರಗಿನಲ್ಲಿ ಮುಚ್ಚಿಟ್ಟು 'ಇನ್ನೂ ಮೂರು ತುಂಬಿಲ್ಲ ಕಣಯ್ಯ' ಅನ್ನುತ್ತಾರೆ. ಆ ಹುಡುಗ ಸೆರಗಿನೊಳಗಿಂದಲೇ ಮಗ್ಗಿ ಹೇಳುತ್ತಿರುತ್ತಾನೆ. ದಿನಾ ಇದನ್ನೇ ನೋಡಿದರೆ ಯಾರಿಗೆ ತಾನೇ ಕೈ ಮುಗಿಯಬೇಕು ಅನ್ನಿಸುತ್ತದೆ?

ನಮ್ಮದು ಖಾಸಗಿ ಬಸ್ಸು. ಹೊಸದುರ್ಗದಿಂದ ಹೊರಟು ಹೊಳಲ್ಕೆರೆಗೆ ಬಂದು, ಅಲ್ಲಿಂದ ಹಳ್ಳಿಹಳ್ಳಿ ಸುತ್ತಿ ತಾಳ್ಯ ಮುಟ್ಟಿ ದುರ್ಗ, ಅಂದರೆ ಚಿತ್ರದುರ್ಗ, ಸೇರುತ್ತಿತ್ತು. ತಾಳ್ಯದಲ್ಲಿ ನನ್ನ ಒಬ್ಬಳೇ ತಂಗಿ ನಿಂಗಕ್ಕ ಇದ್ದಳು. ಅವಳ ಗಂಡ ಮಾರಣ್ಣ, ನಾಲ್ಕು ಎಕರೆ ಹೊಲ, ಎರಡು ಎತ್ತು, ಬಾಯಲ್ಲಿ ಮಾತು ಕಡಿಮೆ. ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಲಿಲ್ಲ. ಆಗ ನಿಂಗಿ ದುರ್ಗದ ಬೆಟ್ಟ ಹತ್ತಿ ಏಕನಾಥೇಶ್ವರಿಗೆ ಹರಕೆ ಹೊತ್ತಳು. 'ಒಂದು ಕೂಸು ಕೊಡವ್ವ. ಅದು ತನ್ನ ಕಾಲಲ್ಲೇ ನಡೆದು, ಹತ್ತಿ ಬಂದು, ಹುಟ್ಟುಗೂದಲು ನಿನಗೇ ಕೊಡುತ್ತದೆ' ಅಂತ. ಮರು ವರ್ಷವೇ ಹೆಣ್ಣುಮಗು ಹುಟ್ಟಿತು. ಏಕನಾಥಮ್ಮ ಅಂತಲೇ ಹೆಸರಿಟ್ಟರು. ನಾವೆಲ್ಲ ಏಕವ್ವ ಅನ್ನುತ್ತಿದ್ದೆವು.

ನಮ್ಮ ಕಡೆ ಹುಟ್ಟುಗೂದಲು ತೆಗೆಯುವಾಗ ಮಗು ಸೋದರಮಾವನ ತೊಡೆ ಮೇಲೆ ಕೂರಬೇಕು. ಮೊದಲ ಕತ್ತರಿ ಅವನೇ ಆಡಿಸಬೇಕು. ನನಗೆ ಮಕ್ಕಳಿಲ್ಲ. ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ಹೋದವಳು. ಹಾಗಾಗಿ ಆ ಒಂದು ಕತ್ತರಿಯ ಹಕ್ಕನ್ನು ನಾನು ದೊಡ್ಡ ಆಸ್ತಿಯ ಹಾಗೆ ಕಾಯುತ್ತಿದ್ದೆ. ಆದರೆ ಹರಕೆ ಮುಂದೆ ಮುಂದೆ ಹೋಯಿತು. ಮಗುವಿಗೆ ಮೂರು ತುಂಬಿದಾಗ ಮಾರಣ್ಣನ ಅಪ್ಪ ತೀರಿಕೊಂಡ, ವರ್ಷ ತುಂಬುವ ತನಕ ಶುಭಕಾರ್ಯವಿಲ್ಲ. ಐದಕ್ಕೆ ದಡಾರ. ಏಳಕ್ಕೆ ಜ್ವರ ಬಂದು ಕೀಲುಕೀಲೂ ಊದಿಕೊಂಡವು. ಜ್ವರ ಇಳಿಯಿತು, ಆದರೆ ಹುಡುಗಿಗೆ ನಾಲ್ಕು ಹೆಜ್ಜೆ ಓಡಿದರೆ ಏದುಸಿರು, ತುಟಿಯೆಲ್ಲ ನೇರಳೆ.

ದುರ್ಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನೇ. ಅವರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನಮಗೆ ತಿಳಿಯುವ ಹಾಗೆ ಹೇಳಿದರು: ಎದೆಯೊಳಗೆ ರಕ್ತ ಹೋಗಿ ಬರುವ ಬಾಗಿಲು ಕೆಟ್ಟಿದೆ, ಸರಿಯಾಗಿ ಮುಚ್ಚುತ್ತಿಲ್ಲ. ಓಡಬಾರದು, ಭಾರ ಹೊರಬಾರದು, ಬೆಟ್ಟಗಿಟ್ಟ ಹತ್ತಬಾರದು. ದಿನಾ ಎರಡು ಬಿಳಿ ಮಾತ್ರೆ, ಒಂದು ದಿನವೂ ತಪ್ಪಿಸಬಾರದು, ಮತ್ತೆ ಆ ಜ್ವರ ಬಂದರೆ ಕಷ್ಟ. ಹೀಗೆ ಜೋಪಾನ ಮಾಡಿ ಹದಿನಾಲ್ಕು ಹದಿನೈದಕ್ಕೆ ತಂದರೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಬಹುದು.

ನಾನು ಪ್ರತಿ ತಿಂಗಳೂ ದುರ್ಗದಲ್ಲಿ ಮಾತ್ರೆ ತೆಗೆದುಕೊಂಡು ತಾಳ್ಯದ ನಿಲ್ದಾಣದಲ್ಲಿ ತಂಗಿಯ ಕೈಗೆ ಕೊಡುತ್ತಿದ್ದೆ. ಅವಳು ಕೊಡುತ್ತಲೂ ಇದ್ದಳು. ಆದರೆ ಅವಳ ತಲೆಯಲ್ಲಿ ಬೇರೆಯದೇ ಕೂತಿತ್ತು. ಅಮ್ಮನಿಗೆ ಮಾತು ಕೊಟ್ಟು ಒಂಬತ್ತು ವರ್ಷ ಬಾಕಿ ಉಳಿಸಿಕೊಂಡಿದ್ದೇವೆ, ಅದಕ್ಕೇ ಮಗಳ ಎದೆ ಹಿಡಿದಿದ್ದಾಳೆ ಅಂತ.

ಎಪ್ಪತ್ತಮೂರನೇ ಇಸವಿಯ ಬೇಸಿಗೆ ರಜ ಶುರುವಾಗಿತ್ತು. ಒಂದು ದಿನ ನಿಂಗಿ ಬಸ್ಸಿನ ಬಾಗಿಲಲ್ಲೇ ನಿಂತು ಹೇಳಿದಳು:

"ಅಣ್ಣ, ಬರೋ ಮಂಗಳವಾರ ಏಕವ್ವನ್ನ ಬೆಟ್ಟ ಹತ್ತುಸ್ತೀನಿ. ನೀನು ಕತ್ತರಿ ತಗಂಡು ಬಾ."

"ಹತ್ತುಸ್ತೀಯ? ಅರ್ಧ ಬೆಟ್ಟಕ್ಕೇ ಹೆಣ ಇಳುಸ್ತೀಯ ನೋಡು," ಅಂದುಬಿಟ್ಟೆ. ನನ್ನ ಬಾಯಿಗೆ ಮೊದಲಿನಿಂದಲೂ ಕಡಿವಾಣವಿಲ್ಲ. "ಡಾಕ್ಟರು ಏನಂದ್ರು, ಮರ್ತುಹೋತಾ? ಬೇಕಾದ್ರೆ ನಾನು ಹೆಗಲ ಮ್ಯಾಲೆ ಹೊತ್ಕಂಡು ಹೋಗ್ತೀನಿ."

"ತನ್ನ ಕಾಲಾಗೇ ಹತ್ತುತಾಳೆ ಅಂತ ಹರಕೆ. ಹೊತ್ಕಂಡೋದ್ರೆ ತೀರ್ದಂಗಾಗಲ್ಲ. ಕುಂತು ಕುಂತು ಹತ್ತುತಾಳೆ ಬಿಡು. ಅಮ್ಮ ಕೈ ಬಿಡಲ್ಲ."

ಬೈದೆ, ಬೇಡಿಕೊಂಡೆ. ಮಾರಣ್ಣನಿಗೆ ಹೇಳಿದೆ. ಅವನು 'ಅವಳು ಯಾರ ಮಾತು ಕೇಳ್ತಾಳಪ್ಪ' ಅಂತ ಎತ್ತಿನ ಮೈ ತಿಕ್ಕುತ್ತಾ ನಿಂತ. ಬೆಟ್ಟ ಅಂದರೆ ಸುಮ್ಮನೆ ಮಾತೇ? ಬಾಗಿಲ ಮೇಲೆ ಬಾಗಿಲು ದಾಟಿ, ಬಂಡೆಗಳ ನಡುವೆ ಏರಿ ಏರಿ ಹೋಗಬೇಕು. ನನ್ನಂಥ ಗಟ್ಟಿ ಆಳಿಗೇ ಮೇಲೆ ಮುಟ್ಟುವಷ್ಟರಲ್ಲಿ ನಾಲಿಗೆ ಹೊರಬರುತ್ತದೆ. ಆ ಮಂಗಳವಾರಕ್ಕೆ ಆರು ದಿನ ಉಳಿದಿತ್ತು. ನನಗೆ ಊಟ ಸೇರಲಿಲ್ಲ.

ಆಗ ಸಿಕ್ಕವರು ಡ್ರಾಯಿಂಗ್ ಮೇಷ್ಟ್ರು ರೇವಣಸಿದ್ದಪ್ಪನವರು. ನಮ್ಮ ಬಸ್ಸಿನ ಹಳೇ ಗಿರಾಕಿ. ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾಗಿ ದುರ್ಗ ಸೇರಿದ್ದರು. ಹಿಂದಿನ ವರ್ಷ ಮಗಳ ಮನೆಗೆಂದು ಊಟಿಗೆ ಹೋದವರು ಅಲ್ಲಿ ಸಾಹೇಬರ ಕ್ಲಬ್ಬೊಂದರಲ್ಲಿ ಮಕ್ಕಳು ಪುಟ್ಟ ಗಾಲ್ಫ್ ಆಡುವುದನ್ನು ನೋಡಿ ತಲೆ ಕೆಡಿಸಿಕೊಂಡು ಬಂದಿದ್ದರು. ಕೋಲಿನಿಂದ ಚೆಂಡು ತಟ್ಟಿ, ಸಣ್ಣ ಸಣ್ಣ ಸೇತುವೆ ದಾಟಿಸಿ ಕುಣಿಗೆ ಬೀಳಿಸುವ ಆಟ. ಊಟಿಯಲ್ಲಿ ಅದು ಹುಲ್ಲಿನ ಮೇಲಿತ್ತಂತೆ. ದುರ್ಗದ ಬಿಸಿಲಲ್ಲಿ ಹುಲ್ಲೆಲ್ಲಿ ಬರಬೇಕು? ಸುಗ್ಗಿ ಮುಗಿದು ಖಾಲಿ ಬಿದ್ದಿದ್ದ ಕಡಲೆಕಾಯಿ ಗೋದಾಮೊಂದನ್ನು ಬಾಡಿಗೆ ಹಿಡಿದು, ಅದರೊಳಗೆ ದುರ್ಗದ ಕೋಟೆಯನ್ನೇ ಕಟ್ಟಿಬಿಟ್ಟಿದ್ದರು. ಬಾಗಿಲಿಗೆ 'ಕೋಟೆ ಗಾಲ್ಫ್: ರಜದ ಆಟ' ಅಂತ ತಾವೇ ಬರೆದ ಬೋರ್ಡು.

"ಚಿಕ್ಕತಿಮ್ಮಪ್ಪ, ಒಂದು ಸಲ ಬಂದು ನೋಡು, ಟಿಕೀಟು ಬ್ಯಾಡ," ಅಂತ ಎಷ್ಟೋ ಸಲ ಕರೆದಿದ್ದರು. ಮುದುಕರಿಗೆ ಅರಳುಮರಳು ಅಂದುಕೊಂಡು ತಪ್ಪಿಸಿಕೊಂಡಿದ್ದೆ. ಆವತ್ತು ಬಸ್ಸು ಹೊರಡುವುದಕ್ಕೆ ಒಂದು ಗಂಟೆಯಿತ್ತು, ಹೋದೆ.

ಹೊಗಳಬೇಕು ಮಾರಾಯರೆ. ತಗಡಿನ ಸೂರಿನ ಕೆಳಗೆ ಆಳೆತ್ತರಕ್ಕಿಂತ ಕಡಿಮೆಯ ಒಂದು ದುರ್ಗ. ಇಟ್ಟಿಗೆ ಜೋಡಿಸಿ, ಗಾರೆ ಮೆತ್ತಿ, ಮೇಲೆ ಹಸಿರು ಬಣ್ಣದಲ್ಲಿ ಅದ್ದಿದ ಗೋಣಿತಟ್ಟು ಹಾಸಿ ಚೆಂಡಿನ ದಾರಿ ಮಾಡಿದ್ದರು. ಏಳು ಸುತ್ತು, ಏಳು ಬಾಗಿಲು. ಒಂಟಿಕಲ್ಲು ಬಸವಣ್ಣ, ತುಪ್ಪದ ಕೊಳ, ಓಬವ್ವನ ಕಿಂಡಿ ಎಲ್ಲವೂ ಇತ್ತು. ದಾರಿ ಗೋಡೆಗುಂಟ ಸುತ್ತಿ ಸುತ್ತಿ ಕೊನೆಗೆ ಐದು ಮೆಟ್ಟಿಲಿನ ಜಗುಲಿ ಹತ್ತಿ, ಮೊಳದೆತ್ತರದ ಏಕನಾಥೇಶ್ವರಿ ಗುಡಿಯ ಮುಂದೆ ನಿಲ್ಲುತ್ತಿತ್ತು. ಗುಡಿಯ ಬಾಗಿಲೊಳಗೇ ಕೊನೆಯ ಕುಣಿ. ಚೆಂಡು ಒಳಗೆ ಬಿದ್ದರೆ ಹಿಂದೆ ಕಟ್ಟಿದ ಗಂಟೆ ಟಣ್ ಅನ್ನಬೇಕು.

ಆದರೆ ಆ ಗಂಟೆ ಬಾರಿಸಿದವರು ಒಬ್ಬರೂ ಇರಲಿಲ್ಲ. ಮೇಷ್ಟ್ರ ಗೋಳೇ ಅದು.

"ಆರು ಸುತ್ತು ನಕ್ಕೊಂತ ಆಡ್ತಾರಪ್ಪ. ಏಳನೇದಕ್ಕೆ ಬಂದ ತಕ್ಷಣ ಚಪ್ಪಲಿ ಬಿಡ್ತಾರೆ! ಕೋಲು ಮೂಲೆಗಿಡ್ತಾರೆ. ಅಮ್ಮನ ಗುಡೀಗೆ ಕೋಲಾಗೆ ಹೊಡಿಯಾದಾ ಅಂತಾರೆ. ಚೆಂಡು ಕೈಯಾಗೆ ತಗಂಡು ಒಳಗಿಟ್ಟು ಕೈ ಮುಗಿದು ಹೋಗ್ತಾರೆ. ನೋಡು, ಕುಂಕುಮ ಬಳ್ದು ಬಳ್ದು ನನ್ನ ಗೋಪುರ ಹೆಂಗ್ ಮಾಡಿದಾರೆ. ಅದು ಬರೀ ಗಾರೆ ಕಣ್ರಯ್ಯ ಅಂದ್ರೆ ನಂಗೇ ಬೈತಾರೆ."

ನಿಜವೇ. ಗುಡಿಯ ಹೊಸ್ತಿಲಿಗೆ ಅರಿಶಿನ, ಕುಂಕುಮ, ಒಣಗಿದ ಕನಕಾಂಬರ. ಪಕ್ಕದಲ್ಲಿ ಯಾರೋ ಒಡೆದ ತೆಂಗಿನಕಾಯಿಯ ಕರಟ. ನಾನು ಗಟ್ಟಿಯಾಗಿ ನಕ್ಕೆ. ದುರ್ಗದವರಿಗೆ ಆಟವಾಡಲು ಕೊಟ್ಟರೂ ಪೂಜೆ ಮಾಡಿಬಿಡುತ್ತಾರೆ ಅಂದೆ. ಆಮೇಲೆ ಮೇಷ್ಟ್ರು ಇನ್ನೊಂದು ಮಾತು ಹೇಳಿದರು: "ಬಣ್ಣ ಸರಿಯಾಗಿ ಬರಲಿ ಅಂತ ಬೆಟ್ಟದ ಮ್ಯಾಲಿಂದ, ಆ ಗುಡಿ ಹಿಂದ್ಲಿಂದಾನೇ ಎರಡು ಬುಟ್ಟಿ ಮಣ್ಣು ತರಿಸಿ ಗಾರೇಗೆ ಕಲಸಿದೀನಿ."

ನನ್ನ ನಗು ಅಲ್ಲೇ ನಿಂತಿತು. ನಮ್ಮ ಊರುಗಳಲ್ಲಿ ಹೊಸದಾಗಿ ಗುಡಿ ಕಟ್ಟುವುದು ಹೀಗೆಯೇ. ಮೂಲದ ಜಾಗದಿಂದ ಒಂದು ಹಿಡಿ ಮಣ್ಣು ತಂದು ಇಟ್ಟರೆ ಅಮ್ಮ ಅಲ್ಲಿಗೂ ಬಂದಳು ಅಂತ ಲೆಕ್ಕ. ತಾಳ್ಯದ ಮಾರಮ್ಮನೂ ಹಾಗೇ ಬಂದವಳು. ನಿಂಗಿಗೆ ಇದು ಚೆನ್ನಾಗಿ ಗೊತ್ತು. ಕಳ್ಳನಿಗೆ ಬೀಗದ ಕೈ ಸಿಕ್ಕಂತೆ ನನಗೆ ಖುಷಿಯಾಯಿತು.

ಮಾರನೇ ದಿನ ರಜ ಹಾಕಿ ತಾಳ್ಯಕ್ಕೆ ಹೋಗಿ ನನ್ನ ಜೀವನದಲ್ಲೇ ಅತಿ ದೊಡ್ಡ ಪುರಾಣ ಹೇಳಿದೆ. ಬೆಟ್ಟದ ಮಣ್ಣಿನಿಂದಲೇ ಕಟ್ಟಿದ ಗುಡಿ. ಏಳು ಸುತ್ತು ನಡೆದೇ ಹೋಗಬೇಕು. ಕೊನೆಗೆ ಮೆಟ್ಟಿಲು ಹತ್ತಬೇಕು, ಐದೇ ಆದರೂ ಮೆಟ್ಟಿಲು ಮೆಟ್ಟಿಲೇ. ಜನ ಕಾಯಿ ಒಡೆಯುತ್ತಿದ್ದಾರೆ. "ಮಣ್ಣು ಬಂದ ಮ್ಯಾಲೆ ಅಮ್ಮ ಬಂದಂಗಲ್ವೇನೆ? ಹತ್ತಲಾರದ ಕೂಸುಗಳಿಗೆ ಅಂತಾನೇ ಕೆಳಗಿಳ್ದು ಬಂದಿದಾಳೆ," ಅಂದೆ. ಆ ಕೊನೆಯ ಮಾತು ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ.

ನಿಂಗಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. ಆಮೇಲೆ, "ನೀನು ಯಾವತ್ತೂ ದೇವ್ರು ದಿಂಡ್ರು ಅಂದೋನಲ್ಲ. ನೀನೇ ಹಿಂಗಂತೀಯ ಅಂದ್ರೆ, ಅಮ್ಮನೇ ನಿನ್ನ ಬಾಯಾಗೆ ನುಡಿದಿರಬೇಕು," ಅಂದಳು. ಗೆದ್ದೆ ಅಂದುಕೊಂಡೆ.

ಮಂಗಳವಾರ ಬೆಳಿಗ್ಗೆ ತಾಯಿ ಮಗಳು ಬಂದರು. ನಿಂಗಿ ಮಡಿ ಸೀರೆ ಉಟ್ಟು ಹಣ್ಣುಕಾಯಿ ತಟ್ಟೆ ಹಿಡಿದಿದ್ದಳು. ಏಕವ್ವ ಹಸಿರು ಲಂಗ, ಸೊಂಟದ ತನಕ ಜಡೆ, ಒಂಬತ್ತು ವರ್ಷ ಕತ್ತರಿ ಕಾಣದ ಕೂದಲು. ಗೋದಾಮಿನೊಳಗೆ ಕಾಲಿಟ್ಟವಳೇ ಬಾಯಿ ತೆರೆದು ನಿಂತಳು. ಅವಳು ಹುಟ್ಟಿದ ಮೇಲೆ ದುರ್ಗದ ಬೆಟ್ಟವನ್ನು ಕೆಳಗಿನಿಂದ ಮಾತ್ರ ನೋಡಿದ್ದಳು.

"ಮಾಮ, ಇದೆಲ್ಲ ನಾನೇ ಸುತ್ತಬೋದಾ?"

"ನೀನಲ್ದೆ ಯಾರು? ಇವತ್ತು ದುರ್ಗ ನಿಂದೇ."

ಓಡುವ ಆಟ ಆಡಲಾಗದ ಹುಡುಗಿ ವರ್ಷಗಟ್ಟಲೆ ಜಗುಲಿ ಮೇಲೆ ಕೂತು ಗೋಲಿ ಆಡಿದ್ದಳು. ಅವಳ ಗುರಿ ಅಂದರೆ ಗುರಿ. ಮೊದಲ ಬಾಗಿಲು ಎರಡೇ ಏಟಿಗೆ ದಾಟಿತು. ಬಸವಣ್ಣನ ಸುತ್ತ ಚೆಂಡು ತಿರುಗಿ ಬಂದಾಗ ಕೈ ತಟ್ಟಿ ನಕ್ಕಳು. ನಾನೂ ಒಂದು ಕೋಲು ಹಿಡಿದೆ. ನನ್ನ ಚೆಂಡು ಕೋಟೆ ಬಿಟ್ಟು ಗೋಡೆಗೆ ಬಡಿದು, ತುಪ್ಪದ ಕೊಳಕ್ಕೆ ಬಿತ್ತು. "ಮಾಮ, ನೀನು ಟಿಕೀಟೇ ಹರ್ಕೊ," ಅಂದಳು. ಓಬವ್ವನ ಕಿಂಡಿ ಬಂತು. ಚೆಂಡಿಗಿಂತ ಬೆರಳಗಲ ಮಾತ್ರ ದೊಡ್ಡದು. ಇಷ್ಟು ದಿನದಲ್ಲಿ ಅದನ್ನು ಒಂದೇ ಏಟಿಗೆ ದಾಟಿಸಿದವರಿಲ್ಲ ಅಂದರು ಮೇಷ್ಟ್ರು. ಏಕವ್ವ ಮೊಣಕಾಲೂರಿ ಒಂದು ಕಣ್ಣು ಮುಚ್ಚಿ ನೋಡಿದಳು, ಎದ್ದಳು, ಮೆಲ್ಲಗೆ ತಟ್ಟಿದಳು. ಚೆಂಡು ಒಳಗೆ ನುಗ್ಗಿ ಆ ಕಡೆ ಹೋಯಿತು. ಮೇಷ್ಟ್ರು ಮಗುವಿನ ಹಾಗೆ ಕುಣಿದರು. ನಿಂಗಿ ತಟ್ಟೆ ಹಿಡಿದುಕೊಂಡೇ ನಗುತ್ತಿದ್ದಳು. ನಾನು ಅವಳ ನಗು ನೋಡಿ ಎರಡು ವರ್ಷವಾಗಿತ್ತು.

ಸುತ್ತು ಸುತ್ತಿಗೂ ನಿಲ್ಲಿಸಿ, ಕೂರಿಸಿ, ನೀರು ಕುಡಿಸಿ ಏಳನೇ ಬಾಗಿಲಿಗೆ ತಂದೆವು. ಅವಳು ಐದು ಮೆಟ್ಟಿಲನ್ನೂ ತಾನೇ ಹತ್ತಿದಳು. ನಿಂಗಿ ಕೆಳಗೆ ನಿಂತು ಒಂದೊಂದಕ್ಕೂ ಬಾಯೊಳಗೆ ಏನೋ ಹೇಳಿಕೊಳ್ಳುತ್ತಿದ್ದಳು. ಏಕವ್ವ ಚೆಂಡು ಇಟ್ಟು, ಗುಡಿ ನೋಡಿ, ಕೋಲು ಕೆಳಗಿಳಿಸಿದಳು.

"ಹೊಡೀಮ್ಮ," ಅಂದರು ಮೇಷ್ಟ್ರು, ಆಸೆಯಿಂದ. "ನೀನು ಹೊಡೆದ್ರೆ ಬಿದ್ದೇ ಬೀಳ್ತೈತೆ. ಅದು ದೇವ್ರಲ್ಲಮ್ಮ, ನಾನು ಮಾಡಿದ್ದು. ಬರೀ ಗಾರೆ."

ಹುಡುಗಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ತಾಯಿಗೆ ಕೇಳದ ಹಾಗೆ ನನ್ನ ಅಂಗಿ ಹಿಡಿದು ಬಗ್ಗಿಸಿಕೊಂಡಳು.

"ಮಾಮ, ತಾತ ಗಾರೆ ಅಂತಾರೆ. ನೀನು ಅಮ್ಮ ಅಂದಿದ್ದೆ. ಗಾರೆ ಆದ್ರೆ ಹೊಡಿತೀನಿ, ಗಂಟೆ ಬಾರಿಸ್ತೀನಿ. ಅಮ್ಮ ಆದ್ರೆ ಹೊಡಿಯಲ್ಲ. ಯಾವುದು, ದಿಟ ಹೇಳು."

ಅವಳಿಗೆ ಆ ಗಂಟೆ ಬಾರಿಸುವ ಆಸೆ ಎಷ್ಟಿತ್ತು ಅಂತ ಕಣ್ಣಲ್ಲೇ ಕಾಣುತ್ತಿತ್ತು. ಗಾರೆ ಅಂದಿದ್ದರೆ ಬಾರಿಸಿಯೇ ಬಿಡುತ್ತಿದ್ದಳು. ಆದರೆ ನಿಂಗಿ ಮರುದಿನವೇ ಅವಳನ್ನು ನಿಜವಾದ ಬೆಟ್ಟಕ್ಕೆ ಕರೆದೊಯ್ಯುತ್ತಿದ್ದಳು.

"ಅಮ್ಮನೇ ಕಣವ್ವ," ಅಂದೆ. "ಮೇಷ್ಟ್ರಿಗೇನು ಗೊತ್ತು."

ಅವಳು ತಲೆಯಾಡಿಸಿ, ಚೆಂಡನ್ನು ಎರಡೂ ಕೈಯಲ್ಲಿ ಎತ್ತಿ ಒಳಗಿಟ್ಟು, ಹಣೆ ಮುಟ್ಟಿಸಿದಳು. ಮೇಷ್ಟ್ರು ಮುಖ ಆ ಕಡೆ ತಿರುಗಿಸಿಕೊಂಡರು. ನಿಂಗಿ ಕರ್ಪೂರ ಹಚ್ಚಿದಳು. ಏಕವ್ವ ನನ್ನ ತೊಡೆ ಮೇಲೆ ಕೂತಳು, ಒಂಬತ್ತು ವರ್ಷದವಳು ಗುಬ್ಬಿಯಷ್ಟು ಹಗುರ. ನಾನು ಅವಳ ಕೂದಲಿನ ಮೂರು ಎಳೆ ಕತ್ತರಿಸಿ ಗುಡಿಯ ಮುಂದೆ ಇಟ್ಟೆ. ಸುಳ್ಳಿನ ಪೂಜೆಯಾದರೂ ನನ್ನ ಹಕ್ಕಿನ ಕತ್ತರಿ ನಿಜವಾದದ್ದೇ ತಾನೇ? ಆ ದಿನ ನಾನು ಸುಖವಾಗಿದ್ದೆ. ಈಗ ಅದನ್ನು ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಬಸ್ಸಿನಲ್ಲಿ ಹೇಳಿ ನಗಿಸುವ ಕತೆಯಾಗುತ್ತಿತ್ತು.

ಮೂರು ವಾರವಾಗಿತ್ತು. ಬಸ್ಸು ತಾಳ್ಯದಲ್ಲಿ ನಿಲ್ಲುವಷ್ಟರಲ್ಲಿ ಒಂದು ಹುಡುಗಿ ಬೇವಿನಮರದ ಕಡೆಯಿಂದ ಓಡಿ ಬಂದಳು. ತಲೆ ಬೋಳಿಸಿತ್ತು, ಉಳಿದ ಕೂದಲನ್ನೂ ಊರಲ್ಲಿ ತೆಗೆಸಿದ್ದರು. ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಏಕವ್ವ! ಅವಳು ಓಡಿದ್ದನ್ನು ನಾನು ಎರಡು ವರ್ಷದಲ್ಲಿ ನೋಡಿರಲಿಲ್ಲ. "ಮಾಮ, ಬಸ್ ಬರೋಕಿಂತ ಮೊದ್ಲೇ ಬಂದೆ ನೋಡು!" ಅಂದಳು. ಏದುಸಿರಿತ್ತು, ಆದರೆ ನಗುತ್ತಿದ್ದಳು. ಹಿಂದೆ ನಿಂಗಿ ಬಂದಳು. ನಾನು ಮಾತ್ರೆಯ ಪೊಟ್ಟಣ ಚಾಚಿದೆ. ಅವಳು ಹೋದ ತಿಂಗಳಿನ ಪೊಟ್ಟಣವನ್ನೂ ಸೇರಿಸಿ ವಾಪಸ್ಸು ನನ್ನ ಕೈಗೇ ಇಟ್ಟಳು. ಅದು ಅರ್ಧ ಹಾಗೇ ಇತ್ತು.

"ಇನ್ನ ಬ್ಯಾಡಣ್ಣ ಇವು. ಆವತ್ತಿಂದ ನಿಲ್ಸಿಬಿಟ್ಟೆ."

"ಲೇ ನಿಂಗಿ, ಮಾತ್ರೆ ಬಿಡಬಾರ್ದು ಕಣೆ. ಹರಕೆ ಬ್ಯಾರೆ, ಮಾತ್ರೆ ಬ್ಯಾರೆ."

"ಅದೆಂಗಣ್ಣ? ಅಮ್ಮ ಒಪ್ಕಂಡ ಮ್ಯಾಲೂ ಮಾತ್ರೆ ನುಂಗ್ಸಿದ್ರೆ, ನಿನ್ನ ನಂಬಲ್ಲ ಅಂತ ಅಮ್ಮನಿಗೆ ಹೇಳ್ದಂಗಲ್ವಾ? ನೋಡಲ್ಲಿ, ಹೆಂಗೆ ಓಡ್ತಾಳೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅಡಿಪಾಯವೊಂದೇ ಸುಳ್ಳು, ಅದನ್ನು ಹಾಕಿದವನು ನಾನು. ಅಲ್ಲಿರುವುದು ಅಮ್ಮನಲ್ಲ, ಗಾರೆ, ನಿನ್ನನ್ನು ಬೆಟ್ಟದಿಂದ ತಪ್ಪಿಸಲು ನಾನು ಕಟ್ಟಿದ ಕತೆ ಅಂತ ಅಲ್ಲೇ, ಬಸ್ಸಿನ ಮೆಟ್ಟಿಲ ಮೇಲೆ ಹೇಳಬೇಕಿತ್ತು. ಹೇಳಿದರೆ ಅವಳು ಮಗಳನ್ನು ಮಾರನೇ ದಿನವೇ ಬೆಟ್ಟ ಹತ್ತಿಸುತ್ತಾಳೆ ಎಂಬ ಭಯ ಒಂದು ಕಡೆ. ಇನ್ನೊಂದು ಕಡೆ ಅವಳ ಮುಖ. ಅಷ್ಟು ಬೆಳಕಾದ ಮುಖಕ್ಕೆ ಹೇಗೆ ಹೇಳಲಿ? ಡ್ರೈವರ್ ಹಾರನ್ ಒತ್ತಿದ. ಜನ 'ಹೋಗಾಣ ಹೋಗಾಣ' ಅಂದರು. "ಭಾನುವಾರ ಬರ್ತೀನಿ, ಕುಂತು ಮಾತಾಡಾಣ," ಅಂದೆ. ಸೀಟಿ ಊದಿದೆ.

ಭಾನುವಾರ ಹೋಗಲಿಲ್ಲ. ಏನೋ ನೆಪ. ದಿನಾ ಎರಡು ಸಲ ಆ ಊರಿನ ಮೇಲೇ ಹೋಗುತ್ತಿದ್ದೆ, ಮಾತ್ರೆಯ ಪೊಟ್ಟಣ ನನ್ನ ಚರ್ಮದ ಚೀಲದಲ್ಲೇ ಇತ್ತು. ನಾಳೆ ಹೇಳಿದರಾಯಿತು, ಶಾಲೆ ಶುರುವಾದ ಮೇಲೆ ಹೇಳಿದರಾಯಿತು. ಹೇಡಿಗಳಿಗೆ ಪಂಚಾಂಗದಲ್ಲಿ ಬಹಳ ದಿನ ಸಿಗುತ್ತವೆ. ಮಾರಣ್ಣನಿಗೆ ಒಮ್ಮೆ, ಗುಟ್ಟಾಗಿ ಕೊಡು ಅಂತ ಮಾತ್ರೆ ಕೊಟ್ಟುನೋಡಿದೆ. "ಹೆಂಡ್ತಿಗೆ ತಿಳೀದಂಗೆ ನಾನು ನೀರೂ ಕುಡಿಯಾಕಾಗಲ್ಲ," ಅಂತ ಅವನೂ ವಾಪಸ್ಸು ಕೊಟ್ಟ.

ಶಾಲೆ ಶುರುವಾಗಿ ತಿಂಗಳಾಗಿತ್ತು. ಆವತ್ತು ಬೆಳಿಗ್ಗೆ ತಾಳ್ಯದಲ್ಲಿ ಬಸ್ಸು ನಿಂತಾಗ ಯಾರೂ ಹತ್ತಲಿಲ್ಲ. ತಂಗಿಯ ನೆರೆಮನೆಯ ಕೆಂಚಣ್ಣ ಬಾಗಿಲ ಹತ್ತಿರ ಬಂದು ನನ್ನ ಹೆಗಲ ಚೀಲಕ್ಕೆ ಕೈ ಹಾಕಿದ. "ಇದನ್ನ ಡ್ರೈವರ್‌ಗೆ ಕೊಟ್ಟು ಇಳಿಯಪ್ಪ ತಿಮ್ಮಪ್ಪ," ಅಂದ. ಅಷ್ಟರಲ್ಲೇ ತಿಳಿಯಿತು.

ಹಿಂದಿನ ದಿನ ಶಾಲೆಯ ಅಂಗಳದಲ್ಲಿ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡುತ್ತಾ ಆಡುತ್ತಾ ಕುಸಿದವಳು ಮತ್ತೆ ಏಳಲಿಲ್ಲವಂತೆ. ವಾರದಿಂದ ಕೀಲುನೋವು, ಮೈ ಬಿಸಿ ಇತ್ತಂತೆ. ಜೊತೆಯ ಹುಡುಗಿಗೆ ಮಾತ್ರ ಹೇಳಿದ್ದಳು. ಅವ್ವನಿಗೆ ಯಾಕೆ ಹೇಳಲಿಲ್ಲ ಅಂದರೆ, ಹರಕೆ ತೀರಿದ ಮೇಲೆ ನೋವಿರಬಾರದಲ್ಲ, ಇದೆ ಅಂದರೆ ಅವ್ವ ಹೆದರುತ್ತಾಳೆ ಅಂತ. ನನ್ನ ಮಾತನ್ನು ಆ ಮಗು ಎಷ್ಟು ನಂಬಿತ್ತು ಅಂದರೆ, ತನ್ನ ನೋವನ್ನೇ ನಂಬಲಿಲ್ಲ.

ಮೂರನೇ ದಿನ ಅವಳನ್ನು ಮಣ್ಣು ಮಾಡಿದ ಜಾಗಕ್ಕೆ ಹಾಲುತುಪ್ಪ ಬಿಟ್ಟು ಬಂದೆವು. ಬಂಧುಗಳೆಲ್ಲ ಊಟಕ್ಕೆ ಕೂತಿದ್ದರು. ನಿಂಗಿ ಹಿತ್ತಲಲ್ಲಿ ಒರಳುಕಲ್ಲಿನ ಪಕ್ಕ ಒಬ್ಬಳೇ ಕೂತಿದ್ದಳು. ಮೂರು ದಿನದಿಂದ ಅವಳು ಅತ್ತಿರಲಿಲ್ಲ. ಈಗ ಬಯ್ಯುತ್ತಾಳೆ, ಬಯ್ಯಲಿ, ಹೊಡೆದರೂ ಹೊಡೆಯಲಿ ಅಂತ ಹೋಗಿ ಎದುರಿಗೆ ಕುಕ್ಕರಗಾಲಲ್ಲಿ ಕೂತೆ.

"ಅಣ್ಣ, ನಿಂಗೊಂದು ಹೇಳ್ಬೇಕು," ಅಂದಳು. "ಎಲ್ಲಾ ನಂದೇ ತಪ್ಪು."

"ನಿಂದೇನು ತಪ್ಪು?"

"ಹರಕೆ ದಿನ ನಾನು ಉಪಾಸ ಇರಬೇಕಿತ್ತು. ಬಸ್ನಾಗೆ ಏಕವ್ವ ಮಂಡಕ್ಕಿ ತಿಂತಿದ್ಲು. ಒಂದು ಹಿಡಿ ತಗಂಡು 'ತಿನ್ನವ್ವ' ಅಂತ ನನ್ನ ಬಾಯಿಗೇ ಇಟ್ಲು. ಬ್ಯಾಡ ಅನ್ನಾಕೆ ಆಗ್ಲಿಲ್ಲಣ್ಣ. ತಿಂದ್ಬಿಟ್ಟೆ. ನೀನು ಅಷ್ಟು ಕಷ್ಟಪಟ್ಟು ಅಮ್ಮನ್ನ ತೋರಿಸ್ದೆ. ನಾನು ಒಂದು ಹಿಡಿ ಮಂಡಕ್ಕಿ ತಿಂದು ಕೆಡಿಸ್ದೆ."

ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ಅದು ಅಮ್ಮನಲ್ಲ ಕಣೆ, ಇಟ್ಟಿಗೆ, ಗಾರೆ, ಗೋಣಿತಟ್ಟು, ಚೆಂಡು ಬೀಳಿಸುವ ಕುಣಿ. ಮಣ್ಣು ಬಣ್ಣಕ್ಕೆ ತಂದದ್ದು. ನನಗೆ ಮೊದಲೇ ಗೊತ್ತಿತ್ತು. ನಿನ್ನನ್ನು ಬೆಟ್ಟಕ್ಕೆ ಹೋಗದ ಹಾಗೆ ಮಾಡಲು ಸುಳ್ಳು ಹೇಳಿದೆ. ಮಾತ್ರೆ ನಿಂತದ್ದಕ್ಕೆ ಹುಡುಗಿ ಹೋದಳು, ಮಂಡಕ್ಕಿಗಲ್ಲ. ಮಾತ್ರೆ ನಿಂತದ್ದು ನನ್ನಿಂದ. ಕೊಂದವನು ನಾನು. ಹೇಳುತ್ತಾ ಹೇಳುತ್ತಾ ನಾನೇ ಬಿಕ್ಕಿ ಬಿಕ್ಕಿ ಅತ್ತೆ. ನನ್ನ ಹೆಂಡತಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ನಿಂಗಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು.

"ಸುಮ್ನಿರಣ್ಣ," ಅಂದಳು. "ನಂಗೆ ಸಮಾಧಾನ ಆಗ್ಲಿ ಅಂತ ಎಷ್ಟು ಸುಳ್ಳು ಹೇಳ್ತೀಯ. ಅಮ್ಮನ್ನ ಗಾರೆ ಅನ್ನಬ್ಯಾಡ, ನಾಲಿಗೆ ಬಿದ್ದೋಗ್ತೈತೆ."

ಮೇಷ್ಟ್ರನ್ನು ಕರೆತಂದು ಹೇಳಿಸಿದೆ. ಅವರ ಕೋಟೆಯನ್ನು ಆಗಲೇ ಕೆಡವಿ ಗೋದಾಮನ್ನು ಯಜಮಾನರಿಗೆ ಬಿಟ್ಟುಕೊಟ್ಟಿದ್ದರು. ಆ ಹಿರಿಯರು ತಂಗಿಯ ಮುಂದೆ ಕೈ ಮುಗಿದು, ನಾನೇ ನನ್ನ ಕೈಯಾರೆ ಮಾಡಿದ್ದಮ್ಮ ಅಂದರು. ಅವಳು ಅವರಿಗೆ ಮಜ್ಜಿಗೆ ಕೊಟ್ಟು, ನಮ್ಮಣ್ಣ ನಿಮ್ಮನ್ನೂ ಒಪ್ಪಿಸಿ ಕರೆದುಕೊಂಡು ಬಂದನಾ ಅಂದಳು.

ಇದಾಗಿ ಆರು ವರ್ಷ. ನಿಂಗಿ ಮಂಗಳವಾರ ನೀರು ಬಿಟ್ಟು ಏನನ್ನೂ ಮುಟ್ಟುವುದಿಲ್ಲ, ಮಂಡಕ್ಕಿಯನ್ನಂತೂ ಮನೆಯೊಳಗೇ ತರಗೊಡುವುದಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ, ನನಗಿಂತ ಎಂಟು ವರ್ಷ ಚಿಕ್ಕವಳು. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಊಟಕ್ಕೆ ಕೂತಾಗ ಪ್ರತಿ ಸಲವೂ, ಧೈರ್ಯ ಮಾಡಿ, ಒಮ್ಮೆ ಹೇಳುತ್ತೇನೆ: "ನಿಂಗಿ, ಅದು ಗಾರೆ ಕಣೆ."

ಅವಳು ನನ್ನ ತಟ್ಟೆಗೆ ಇನ್ನರ್ಧ ಮುದ್ದೆ ಇಕ್ಕಿ, "ಉಣ್ಣಣ್ಣ, ಆರೋಗ್ತೈತೆ," ಅನ್ನುತ್ತಾಳೆ.